ಸೋಗಾನೆಯಲ್ಲಿ ಮಂಜು ಬಿಡುವವರೆಗೆ

ಶಿವಮೊಗ್ಗ ದಾಟುತ್ತಿದ್ದಂತೆ ಕಾರಿನ ಮುಂದಿನ ಗಾಜು ಮತ್ತೆ ಮತ್ತೆ ಮಂಜಾಗುತ್ತದೆ. ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಬಟ್ಟೆ ಆಡಿಸುತ್ತಾನೆ. 2023ರ ಡಿಸೆಂಬರ್, ವಿಮಾನ ನಿಲ್ದಾಣ ಕಂಡ ಮೊದಲ ಚಳಿಗಾಲ. ಸೋಗಾನೆ ಕಡೆ ತಿರುಗಿದಾಗ ಎದುರಿಗೆ ಮೊದಲು ಬರೀ ಬಿಳುಪು. ಆಮೇಲೆ ಅದರೊಳಗಿಂದ ಕಮಲದ ಆಕಾರದ ಕಟ್ಟಡವೊಂದು ಎಸಳು ಎಸಳಾಗಿ ಕಾಣಿಸಿಕೊಳ್ಳುತ್ತದೆ. ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ.

ಒಳಗೆ ಹೋಗಿ ಕೂತರೆ ಇದು ಮಲೆನಾಡಿನವರದೇ ಜಾಗ ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ನಿಮ್ಮ ಪಕ್ಕದಲ್ಲಿ ಒಬ್ಬರು ಹಿರಿಯರು, ಹೆಂಡತಿಯ ಜೊತೆ. ಕಾಲ ಬಳಿ ಬಾಯಿ ಕಟ್ಟಿದ ಕೈಚೀಲ. ಮಗ ಹೈದರಾಬಾದಿನಲ್ಲಿದ್ದಾನೆ, ಸೊಸೆಗೆ ಏಳು ತಿಂಗಳು. ಎದುರು ಸಾಲಿನಲ್ಲಿ ಒಬ್ಬ ಯುವಕ ಆಸ್ಪತ್ರೆಯ ಸ್ಕ್ಯಾನ್ ಹಾಳೆಗಳಿರುವ ದೊಡ್ಡ ಲಕೋಟೆಯನ್ನು ಮಡಚದಂತೆ ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಿದ್ದಾನೆ. ಯಾರೂ ಹೆಚ್ಚು ಮಾತಾಡುತ್ತಿಲ್ಲ. ಎಲ್ಲರ ಕಣ್ಣೂ ಗಾಜಿನಾಚೆಗೇ.

"ರೀ, ಏನೂ ಕಾಣ್ತಾನೇ ಇಲ್ವಲ್ಲ. ಬರೋದು ಹೌದಾ?"

"ಬರ್ತದೆ ಮಾರಾಯ್ತಿ. ಮಂಜು ಬಿಡ್ಲಿ."

ಮಂಜು ಬಿಡುವುದು ಇಲ್ಲಿ ನಿಜಕ್ಕೂ ದೊಡ್ಡ ಪ್ರಶ್ನೆ. ಈ ನಿಲ್ದಾಣಕ್ಕೆ ಶುರುವಿನಲ್ಲಿ ಸಿಕ್ಕಿದ ಪರವಾನಗಿ ಹಗಲಿನ ಹಾರಾಟಕ್ಕೆ ಮಾತ್ರ. ಅದೂ ಪೈಲಟ್‌ಗೆ ದೂರದಿಂದಲೇ ರನ್‌ವೇ ಬರಿಗಣ್ಣಿಗೆ ಕಂಡರೆ ಇಳಿಯಬಹುದು, ಇಲ್ಲವಾದರೆ ಆಕಾಶದಲ್ಲೇ ಸುತ್ತಬೇಕು ಅಥವಾ ಬೇರೆ ಊರಿಗೆ ಹೋಗಿ ಇಳಿಯಬೇಕು. ಮಂಜಿನಲ್ಲೂ ರಾತ್ರಿಯಲ್ಲೂ ವಿಮಾನವನ್ನು ಕೆಳಗಿಳಿಸಿಕೊಳ್ಳುವ ಉಪಕರಣ, ದೀಪಗಳ ವ್ಯವಸ್ಥೆ ಆಗಿನ್ನೂ ಆಗಿರಲಿಲ್ಲ. ಗಾಜಿನಾಚೆ ಹರಡಿರುವ ರನ್‌ವೇಯ ಉದ್ದವೋ 3,200 ಮೀಟರ್! ಬೆಂಗಳೂರು ಬಿಟ್ಟರೆ ಕರ್ನಾಟಕದಲ್ಲಿ ಇದೇ ಉದ್ದದ್ದು. ಬೆಂಗಳೂರಿನಿಂದ ಬರುವ ಪುಟ್ಟ ಎಟಿಆರ್ ವಿಮಾನಕ್ಕೆ ಸುಮಾರು 1,300 ಮೀಟರ್ ಸಾಕು. ಸುಮಾರು 450 ಕೋಟಿ ರೂಪಾಯಿ ಖರ್ಚಾದ ಕಡೆ ಉದ್ದಕ್ಕೆ ಕೊಟ್ಟ ಗಮನ ದೀಪಕ್ಕೆ ಯಾಕೆ ಸಿಗಲಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಪ್ರಶ್ನೆ. ಉದ್ದ ಉದ್ಘಾಟನೆಯ ದಿನವೇ ಎಲ್ಲರಿಗೂ ಕಾಣುತ್ತದೆ. ದೀಪದ ಬೆಲೆ ಗೊತ್ತಾಗುವುದು ಇಂಥ ಬೆಳಗಿನಲ್ಲಿ, ಲಕೋಟೆ ಹಿಡಿದು ಕೂತ ಹುಡುಗನಿಗೆ. 2024ರಲ್ಲಿ ಪರವಾನಗಿ ನವೀಕರಿಸುವ ಹೊತ್ತು ಬಂದಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಕೊರತೆಗಳನ್ನು ಎತ್ತಿ ತೋರಿಸಿ ಅಲ್ಪಾವಧಿಗಷ್ಟೇ ವಿಸ್ತರಣೆ ಕೊಟ್ಟಿತು.

ಈ ನೆಲದ ಕಥೆ ಹಳೆಯದು. ಖಾಸಗಿಯವರ ಜೊತೆ ಸೇರಿ ಕಟ್ಟುವ ಯೋಜನೆ ವರ್ಷಗಟ್ಟಲೆ ಕುಂಟಿ ಮುರಿದುಬಿತ್ತು. 2020ರ ಜೂನ್‌ನಲ್ಲಿ ಸರ್ಕಾರವೇ ಕಾಮಗಾರಿ ಶುರುಮಾಡಿತು. 2023ರ ಫೆಬ್ರುವರಿ 27ರಂದು ಪ್ರಧಾನಿ ಉದ್ಘಾಟಿಸಿದರು, ಆಗಸ್ಟ್ 31ಕ್ಕೆ ಬೆಂಗಳೂರಿನ ಮೊದಲ ವಿಮಾನ ಇಳಿಯಿತು. ರಾಜ್ಯ ಸರ್ಕಾರ ತಾನೇ ನಡೆಸುವ ಮೊದಲ ವಿಮಾನ ನಿಲ್ದಾಣ ಇದು. ಸೈಟು ಕೊಡುವ ಮಾತು ನಂಬಿ ಜಮೀನು ಬಿಟ್ಟುಕೊಟ್ಟ ಸೋಗಾನೆಯ ರೈತರು ಆ ಸೈಟಿಗಾಗಿ ಹೋರಾಡಬೇಕಾಗಿ ಬಂದದ್ದೂ ಈ ಕಥೆಯಲ್ಲಿ ಸೇರಿದೆ.

ಹೊರಗೆ ಬಿಳುಪು ತೆಳುವಾಗುತ್ತಿದೆ. ಮೊದಲು ಅಗ್ನಿಶಾಮಕ ವಾಹನದ ಬಣ್ಣ ಕಾಣುತ್ತದೆ, ಆಮೇಲೆ ರನ್‌ವೇಯ ಬಿಳಿ ಗೆರೆ, ಕೊನೆಗೆ ಅದರಾಚೆಯ ತೋಟಗಳ ತುದಿ. ಯಾರೋ "ಬಂತು ಬಂತು" ಎನ್ನುತ್ತಾರೆ. ಆ ಹಿರಿಯರು ಕೈಚೀಲ ಎತ್ತಿಕೊಂಡು ನಿಂತೇಬಿಡುತ್ತಾರೆ, ಕರೆಯುವ ಮೊದಲೇ. ವಿಮಾನ ನೆಲ ಮುಟ್ಟಿ ರನ್‌ವೇಯ ಅರ್ಧದಲ್ಲೇ ನಿಧಾನವಾಗಿ ತಿರುಗಿಕೊಳ್ಳುತ್ತದೆ.

ನೀವು ಮೆಟ್ಟಿಲು ಹತ್ತುತ್ತೀರಿ. ಇಕ್ಕೆಲಗಳಲ್ಲಿ ಎರಡೆರಡು ಸೀಟು, ನಡುವಿನ ಸೀಟಿನ ಕಿರಿಕಿರಿ ಇಲ್ಲ. ಒಟ್ಟು 76 ಸೀಟು. ಹೈದರಾಬಾದ್, ತಿರುಪತಿ, ಗೋವಾ ಮಾರ್ಗಗಳು ಶುರುವಾಗಿ ಆಗಿನ್ನೂ ತಿಂಗಳಾಗಿತ್ತು ಅಷ್ಟೆ. ಇವು ಕೇಂದ್ರದ ಉಡಾನ್ ಯೋಜನೆಯ ಆಸರೆಯಲ್ಲಿ ಶುರುವಾದವು. 2016ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ಈ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಅರ್ಧದಷ್ಟು ಸೀಟುಗಳ ದರಕ್ಕೆ ಮಿತಿ, ಆರಂಭದಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿ. ಅಷ್ಟಕ್ಕೆ ಹಾರಿಸಿದರೆ ಕಂಪನಿಗೆ ಗಿಟ್ಟುವುದಿಲ್ಲ. ಆ ಕೊರತೆಯಲ್ಲಿ 80 ಭಾಗ ಕೇಂದ್ರದ ನಿಧಿಯಿಂದ, 20 ಭಾಗ ರಾಜ್ಯದಿಂದ. ಕೇಂದ್ರದ ನಿಧಿ ತುಂಬುವುದು ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲಿನ ಸುಂಕದಿಂದ. ರಾಜ್ಯ ಇಂಧನದ ತೆರಿಗೆಯನ್ನು ಶೇಕಡಾ 1ಕ್ಕೆ ಇಳಿಸಬೇಕು, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆ ಬಿಟ್ಟಿ ಕೊಡಬೇಕು. ಮುಂಬೈ–ದೆಹಲಿ ಪ್ರಯಾಣಿಕ ಕೊಟ್ಟ ನಾಲ್ಕು ಕಾಸು ಸೋಗಾನೆಯ ಸೀಟಿಗೆ ಬರುವುದರಲ್ಲಿ ನನಗೆ ಅನ್ಯಾಯವೇನೂ ಕಾಣುವುದಿಲ್ಲ. ಒಂದೇ ದೇಶದಲ್ಲಿ ಇರುವವರು ಮಾಡಬೇಕಾದದ್ದೇ ಅದು.

ತಕರಾರು ಇರುವುದು ಅವಧಿಯ ಬಗ್ಗೆ. ಈ ನೆರವು ಮೂರು ವರ್ಷಕ್ಕೆ ಮಾತ್ರ. ಆಮೇಲೆ? ಮಹಾಲೇಖಪಾಲರ 2023ರ ವರದಿ ಉತ್ತರ ಕೊಟ್ಟಿದೆ. ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವು ನಿಂತ ಮೇಲೂ ಉಳಿದದ್ದು 54.

ಬೀದರ್‌ನವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2020ರ ಫೆಬ್ರುವರಿಯಲ್ಲಿ ಅಲ್ಲಿಗೆ ವಿಮಾನ ಬಂತು, ನಿಂತಿತು. ಬೇರೆ ಕಂಪನಿ ಬಂತು, ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹಣ ಕೊಡಲು ಮುಂದೆ ಬಂದ ಮೇಲಷ್ಟೇ ಮತ್ತೆ ಹಾರಿತು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಗುರುತಿಸಿದ ರಾಜ್ಯದ 39 ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ 21 ಇರುವುದು ಬೀದರ್ ಸೇರಿರುವ ಕಲಬುರಗಿ ವಿಭಾಗದಲ್ಲಿ. ನೆರವು ಅತಿ ಹೆಚ್ಚು ಬೇಕಾದ ಕಡೆಯೇ ನೆರವಿಲ್ಲದೆ ವಿಮಾನ ನಿಲ್ಲುತ್ತದೆ. ಅಂಥಲ್ಲಿ ಮೂರು ವರ್ಷದ ಗಡುವು ಹಾಕುವುದು ಹಳ್ಳಿಯ ಬಸ್ಸಿಗೆ ಲಾಭ ತೋರಿಸು ಎಂದು ಹೇಳಿದ ಹಾಗೆ.

ವಿಮಾನ ಮೇಲೇರುತ್ತದೆ. ಕೆಳಗೆ ತುಂಗೆ ಭದ್ರೆಯರ ನೀರುಂಡ ಗದ್ದೆ, ಅಡಿಕೆ ತೋಟ. ಬಲಗಡೆ ಕಿಟಕಿಯಾಚೆ, ಅಳಿದುಳಿದ ಮಂಜಿನಲ್ಲಿ, ಭದ್ರಾವತಿ ಇರುವ ದಿಕ್ಕು. 1923ರಲ್ಲಿ ಉತ್ಪಾದನೆ ಶುರುಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವಾದದ್ದು 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದಾಗ. ಮುಂದಿನ ತಿಂಗಳೇ ಈ ನಿಲ್ದಾಣದ ಉದ್ಘಾಟನೆ. ಕಾರ್ಮಿಕರ ಹೋರಾಟದ ನಂತರ ಅಷ್ಟಿಷ್ಟು ಕೆಲಸ ಮತ್ತೆ ಶುರುವಾಗಿದೆ. ಅಲ್ಲಿನ ಕಾಗದ ಕಾರ್ಖಾನೆ ಅದಕ್ಕೂ ವರ್ಷಗಳ ಮುಂಚೆ ನಿಂತಿತ್ತು. ಊರಿನ ದುಡಿಮೆ ಬತ್ತುತ್ತಿರುವಾಗ ರನ್‌ವೇ ಹಾಸಿದರೆ ಆ ರನ್‌ವೇ ಊರಿನ ಮಕ್ಕಳನ್ನು ಹೊರಗೆ ಕಳಿಸುವ ದಾರಿಯಷ್ಟೇ ಆದೀತು. ಕಾರ್ಖಾನೆ, ಕಾಲೇಜು, ಒಳ್ಳೆಯ ಆಸ್ಪತ್ರೆ ಜೊತೆಗೆ ಬಂದರೆ ಮಾತ್ರ ಬರುವ ವಿಮಾನವೂ ತುಂಬುತ್ತದೆ.

ಪಕ್ಕದ ಅಜ್ಜಿ ನಿಮ್ಮ ತೋಳು ಮುಟ್ಟಿ, "ಎಷ್ಟೊತ್ತಿಗೆ ಮುಟ್ತದೆ ಮಗಾ?" ಎಂದು ಕೇಳುತ್ತಾರೆ. ಮಧ್ಯಾಹ್ನದ ಊಟಕ್ಕೆ ಮಗನ ಮನೆಯಲ್ಲಿರುತ್ತೀರಿ ಎಂದಾಗ ಸೆರಗು ಸರಿಮಾಡಿಕೊಂಡು ನಗುತ್ತಾರೆ. ಆ ನಗು ಮೂರು ವರ್ಷದ ಗಡುವಿಗೆ ಸಿಗಬಾರದು.

ಮುಂದಿನ ಬಾರಿ ನಿಮ್ಮ ಜಿಲ್ಲೆಗೆ ವಿಮಾನ ನಿಲ್ದಾಣ ತರುತ್ತೇವೆಂದು ಯಾರಾದರೂ ವೇದಿಕೆಯ ಮೇಲೆ ಹೇಳಿದರೆ ರನ್‌ವೇ ಎಷ್ಟು ಉದ್ದ ಎಂದು ಕೇಳಬೇಡಿ. ರಾತ್ರಿ ಇಳಿಯಬಹುದೇ, ನಾಲ್ಕನೇ ವರ್ಷದ ಹಣ ಯಾರು ಕೊಡುತ್ತಾರೆ, ಜಮೀನು ಬಿಟ್ಟವರಿಗೆ ಸೈಟು ಯಾವಾಗ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ.