ಚಿತ್ರದ ಮೂಲೆಯ ಬಿಳಿ ಗುರುತು

ಅಂಡಮಾನಿನಿಂದ ಮರಳಿದ ವಾರ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ನನ್ನ ಫೋಟೊ ಸಿಗುತ್ತಿತ್ತು. ಬೆರಳುದ್ದದ ಒಂದು ಕಡಲಜೀವಿ. ಕಪ್ಪು ಮೈ, ಮೇಲೆ ನೀಲಿ ಏಣುಗಳು, ಏಣಿನ ಗಂಟುಗಳಿಗೆಲ್ಲ ಅರಿಶಿನದ ಬೊಟ್ಟು. ಹೆಸರು ಫಿಲಿಡಿಯಾ. ಬಸವನಹುಳುವಿನ ಬಳಗವೇ, ಆದರೆ ಬೆನ್ನ ಮೇಲೆ ಚಿಪ್ಪಿಲ್ಲ. ಚಿಪ್ಪಿಲ್ಲದೆ ಬದುಕುವುದು ಹೇಗೆ ಅಂತೀರಾ? ವಿಷವಿರುವ ಸ್ಪಂಜನ್ನು ತಿಂದು ಆ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮೈಬಣ್ಣವೇ ‘ಮುಟ್ಟಬೇಡಿ’ ಎಂಬ ಬೋರ್ಡು.

ಹ್ಯಾವ್‌ಲಾಕ್ ದ್ವೀಪದ (2018ರಿಂದ ಅದು ಸ್ವರಾಜ್ ದ್ವೀಪ) ಹವಳದ ದಿಬ್ಬದಲ್ಲಿ, ಸುಮಾರು 12 ಮೀಟರ್ ಆಳದಲ್ಲಿ ಅದು ಕಂಡಿತು. ಅಷ್ಟು ಕೆಳಗೆ ಕೆಂಪು ಬಣ್ಣವನ್ನು ನೀರು ನುಂಗಿಬಿಟ್ಟಿರುತ್ತದೆ. ಬೆರಳು ಕೊಯ್ದುಕೊಂಡರೆ ರಕ್ತ ಕೂಡ ಹಸಿರುಗಪ್ಪಾಗಿ ಕಾಣುತ್ತದೆ. ಫ್ಲಾಶ್ ಬೆಳಗಿದರಷ್ಟೇ ನಿಜ ಬಣ್ಣ. ಆ ಬೆಳಕೂ ನೀರಿನಲ್ಲಿ ದೂರ ಹೋಗದು, ಗೇಣಿನಷ್ಟು ಹತ್ತಿರ ಹೋಗಬೇಕು. ಕಷ್ಟ ಶುರುವಾಗುವುದೇ ಇಲ್ಲಿ. ಉಸಿರೆಳೆದರೆ ದೇಹ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಉಸಿರು ಕಟ್ಟುವಂತೆಯೂ ಇಲ್ಲ. ಕಟ್ಟಿಕೊಂಡು ಮೇಲೇರಿದರೆ ಶ್ವಾಸಕೋಶ ಹರಿದೀತು. ಫೋಕಸ್ ಸಿಗುವುದೋ ಕೆಲವೇ ಮಿಲಿಮೀಟರಿನೊಳಗೆ. 6 ಚಿತ್ರ ಕೆಟ್ಟವು. ಏಳನೆಯದಕ್ಕೆ ಎಡ ಮೊಣಕೈಯನ್ನು ಪಕ್ಕದ ಹವಳಕ್ಕೆ ಊರಿದೆ. ಚಿತ್ರ ಬಂತು.

ಅದನ್ನು ಸ್ಪರ್ಧೆಯೊಂದಕ್ಕೆ ಕಳಿಸಲು ಕೂತಿದ್ದೆ. ಒಂಬತ್ತನೇ ತರಗತಿಯ ಮಗಳು ಕಂಪ್ಯೂಟರಿನಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡುತ್ತ, “ಅಪ್ಪಾ, ಮೂಲೇಲಿ ಬೆಳ್ಳಗಿರೋದು ಏನು?” ಅಂದಳು.

ಹವಳದ ಕೊಂಬೆ ಮುರಿದ ಜಾಗ. ಹಸಿ ಮುರಿತ, ಒಳಗಿನ ಸುಣ್ಣ ಕಾಣುತ್ತಿತ್ತು.

“ಅಲೆಗೆ ಮುರಿದಿರಬೇಕು,” ಎಂದೆ.

ಅವಳು ಮಾತಾಡಲಿಲ್ಲ. ಕೆಟ್ಟ ಚಿತ್ರಗಳನ್ನು ಒಂದೊಂದಾಗಿ ತೆಗೆದಳು. ಆರನೆಯದರಲ್ಲಿ, ಮಸುಕಾಗಿಯಾದರೂ, ಕೊಂಬೆ ಇಡಿಯಾಗಿತ್ತು.

ಹವಳವೆಂದರೆ ಕಲ್ಲಲ್ಲ, ಸಾವಿರಾರು ಪುಟ್ಟ ಪ್ರಾಣಿಗಳು ಕೂಡಿ ಕಟ್ಟಿದ ಮನೆ ಎಂದು ಅವಳಿಗೆ ಹೇಳಿಕೊಟ್ಟವನು ನಾನೇ. ಕೊಂಬೆಹವಳ ಬೇಗ ಬೆಳೆಯುವ ಜಾತಿ, ವರ್ಷಕ್ಕೆ 10 ಸೆಂಟಿಮೀಟರಿನಷ್ಟು ಬೆಳೆದೀತು. ದುಂಡು ಹವಳಕ್ಕೆ ಒಂದೇ ಸೆಂಟಿಮೀಟರಿಗೆ ವರ್ಷ ಬೇಕಾಗಬಹುದು. ಆದರೆ 2010ರ ಬೇಸಿಗೆಯಲ್ಲಿ ಕಡಲು ಕಾದು ಅಂಡಮಾನಿನ ಹವಳ ವಿಪರೀತ ಬಿಳಿಚಿಕೊಂಡು, ಎಷ್ಟೋ ಸತ್ತಿತ್ತು. ಅಂಥ ಹೊಡೆತದ ಮೇಲೆ ಚಿಗುರಿಕೊಂಡ ಕೊಂಬೆ ನನ್ನ ಮೊಣಕೈಗೆ ಸಿಕ್ಕಿತ್ತೇನೋ.

ನಮ್ಮನ್ನು ಇಳಿಸಿದ್ದ ಗೈಡ್ ಹುಡುಗ ಆಗಲೇ ನೋಡಿದ್ದ ಅಂತ ಈಗ ಅನ್ನಿಸುತ್ತದೆ. ದೋಣಿಯಲ್ಲಿ ನಾನು ಚಿತ್ರ ತೋರಿಸಿದಾಗ ಅವನು ಹೊಗಳಲಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡಿದ್ದೆ.

ಸ್ಪರ್ಧೆಗೆ ಕಳಿಸಲಿಲ್ಲ. ಬಂದವರಿಗೆ ಈಗಲೂ ತೋರಿಸುತ್ತೇನೆ. ಮಗಳು ಪಕ್ಕದಲ್ಲೇ ನಿಂತಿರುತ್ತಾಳೆ, ಮೂಲೆಯನ್ನೂ ತೋರಿಸಬೇಕಾಗುತ್ತದೆ.