ತಣ್ಣಗಿದ್ದ ಓವನ್ನೂ, ಬಿಸಿಯಾದ ನನ್ನ ತಲೆಯೂ

ತುಂಬಾ ದಿನ ಆಯ್ತು ಈ ಕಡೆ ಬಂದು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇದ್ದ ಒಂದೇ ವಿಷಯ ಬರೆಯೋಕೆ ನಾಚಿಕೆ ಆಗ್ತಿತ್ತು. ಇವತ್ತು ಬರೆದುಬಿಡ್ತೀನಿ. ಮಧ್ಯೆ ಸ್ವಲ್ಪ ಎಲೆಕ್ಟ್ರಾನಿಕ್ಸ್ ಬರುತ್ತೆ, ಹೆದರಿಕೊಂಡು ಓಡಿಹೋಗಬೇಡಿ. ಮನೇಲಿ ಹಾಲಿಗೆ ಹೆಪ್ಪು ಹಾಕಿ ಗೊತ್ತಿರೋರಿಗೆ ಎಲ್ಲಾ ಅರ್ಥ ಆಗುತ್ತೆ.

ನನ್ನ ಹುಚ್ಚು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕೆಲವರು ಹಳೇ ನಾಣ್ಯ ಕೂಡಿಡ್ತಾರೆ, ಕೆಲವರು ಸ್ಟಾಂಪು. ನಾನು ಗುಜರಿ ಅಂಗಡಿಗಳಿಂದ ಹಳೇ ಅಳತೆಯ ಉಪಕರಣಗಳನ್ನ ತಂದು ಮನೆ ತುಂಬಿಸ್ತೀನಿ. ಈ ಸಲ ತಂದಿದ್ದು ಒಂದು ಫ್ರೀಕ್ವೆನ್ಸಿ ಸ್ಟಾಂಡರ್ಡ್. ಅಂಗೈ ಅಗಲದ ಒಂದು ಲೋಹದ ಡಬ್ಬಿ, ಅಷ್ಟೇ. "ಇದೇನು ಮಾಡುತ್ತೆ?" ಅಂದ್ಲು ನನ್ನಾಕೆ. "ಸೆಕೆಂಡಿಗೆ ಸರಿಯಾಗಿ ಒಂದು ಕೋಟಿ ಸಲ ಮಿಡಿಯುತ್ತೆ" ಅಂದೆ. "ಆಮೇಲೆ?" ಅಂದ್ಲು. ಆಮೇಲೆ ಏನೂ ಇಲ್ಲ. ಅದೇ ಅದರ ಕೆಲಸ.

ಅಂಗಡಿಯವನ ತಕ್ಕಡಿ ಸರಿ ಇದೆಯಾ ಅಂತ ನೋಡೋಕೆ ಸರ್ಕಾರದ ಮುದ್ರೆ ಒತ್ತಿದ ತೂಕದ ಬಟ್ಟು ಬೇಕಲ್ಲ, ಹಾಗೆ ರೇಡಿಯೋ, ಮೊಬೈಲ್ ಟವರು, ಲ್ಯಾಬಿನ ಕೌಂಟರು ಇವುಗಳ ಮಿಡಿತ ಸರಿ ಇದೆಯಾ ಅಂತ ನೋಡೋಕೆ ಒಂದು ಬಟ್ಟು ಬೇಕು. ಈ ಡಬ್ಬಿ ಆ ಬಟ್ಟು. ಒಳಗಿರೋದು ಒಂದು ಸ್ಫಟಿಕದ ಬಿಲ್ಲೆ. ನಿಮ್ಮ ಗೋಡೆ ಗಡಿಯಾರದಲ್ಲೂ ಸ್ಫಟಿಕ ಇದೆ, ಆದ್ರೆ ಅದು ಚಳಿಗಾಲದಲ್ಲಿ ಒಂದು ಥರ, ಬೇಸಿಗೇಲಿ ಒಂದು ಥರ ನಡೆಯುತ್ತೆ. ಯಾಕಂದ್ರೆ ಸ್ಫಟಿಕದ ಮಿಡಿತ ಬಿಸಿಯ ಜೊತೆ ಬದಲಾಗುತ್ತೆ. ಆದ್ರೆ ಬಿಲ್ಲೆಯನ್ನ ಹರಳಿಂದ ಯಾವ ಕೋನದಲ್ಲಿ ಕೊಯ್ದಿದ್ದಾರೆ ಅನ್ನೋದರ ಮೇಲೆ ಒಂದು ಉಷ್ಣತೆ ಇರುತ್ತೆ. ಅಲ್ಲಿ ಬಿಸಿ ಒಂಚೂರು ಆ ಕಡೆ ಈ ಕಡೆ ಆದ್ರೂ ಮಿಡಿತ ಬದಲಾಗೋದು ತೀರಾ ಕಡಿಮೆ. ಒಳ್ಳೇ ಸ್ಟಾಂಡರ್ಡುಗಳಲ್ಲಿ ಅದು ಸುಮಾರು 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬರೋ ಹಾಗೆ ಕೊಯ್ದಿರ್ತಾರೆ. ಆಮೇಲೆ ಆ ಬಿಲ್ಲೆಯನ್ನ ಒಂದು ಪುಟಾಣಿ ಓವನ್ನಿನಲ್ಲಿಟ್ಟು, ಹಗಲೂ ರಾತ್ರಿ ಅದೇ ಬಿಸಿಯಲ್ಲಿ ಇಡ್ತಾರೆ. ಚಳಿಗಾಲದಲ್ಲಿ ಅಮ್ಮ ಹೆಪ್ಪಿಟ್ಟ ಪಾತ್ರೆಗೆ ಟವೆಲ್ ಸುತ್ತಿ ಒಲೆ ಪಕ್ಕ ಇಡ್ತಿದ್ದಳಲ್ಲ, ಅದೇ. ಇಲ್ಲಿ ಟವೆಲ್ ಬದಲು ಫೋಮು, ಒಲೆ ಬದಲು ಹೀಟರು, ಅಮ್ಮನ ಕೈ ಬದಲು ಥರ್ಮಿಸ್ಟರ್ ಅನ್ನೋ ಕಡಲೆಕಾಳಿನಷ್ಟು ಗಾತ್ರದ ಭಾಗ.

ಹೊಸದು ಕೊಳ್ಳೋಕೆ ನನ್ನಂಥವನ ಕೈಲಾಗಲ್ಲ. ಆದ್ರೆ ಹಳೇ ಟೆಲಿಕಾಂ ಉಪಕರಣ, ಹಳೇ ಫ್ರೀಕ್ವೆನ್ಸಿ ಕೌಂಟರುಗಳನ್ನ ಒಡೆದಾಗ ಇವು ಗುಜರಿಗೆ ಬರುತ್ತವೆ. ನನಗೆ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರೋಡಿನ ಗಲ್ಲಿಯೊಂದರ ಪುಟ್ಟ ಅಂಗಡಿಯಲ್ಲಿ. 1,800 ರೂಪಾಯಿ. ಅಂಗಡಿಯ ಯಜಮಾನರಿಗೆ ಅರವತ್ತೈದರ ಮೇಲೆ ವಯಸ್ಸು. ದುಡ್ಡು ತಗೊಳ್ಳೋ ಮುಂಚೆ ಹೇಳಿದ್ರು:

"ಸಾರ್, ಹತ್ತು ನಿಮಿಷ ಕೂತ್ಕೊಳ್ಳಿ. ಸಪ್ಲೈ ಕೊಟ್ಟು ಬಿಸಿ ಆಗೋದು ತೋರಿಸ್ತೀನಿ. ಬೆಳಿಗ್ಗೆ ನಾನೇ ನೋಡಿದೀನಿ, ಚೆನ್ನಾಗಿದೆ. ಆದ್ರೂ ನೀವು ಒಂದ್ಸಲ ಕಣ್ಣಲ್ಲಿ ನೋಡ್ಬಿಡಿ."

"ಟೈಮಿಲ್ಲ ಯಜಮಾನ್ರೇ" ಅಂದೆ. ಕೊಂಡ್ಕೊಳ್ತಾ ಇದ್ದಿದ್ದು ಟೈಮ್ ಅಳೆಯೋ ಸಾಮಾನು!

ಮನೆಗೆ ಬಂದವನೇ ವೈರ್ ಬೆಸೆಯೋಕೆ ಕೂತೆ. ನನ್ನ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ತುದಿ ಸವೆದುಹೋಗಿತ್ತು. 60 ವ್ಯಾಟಿನದ್ದು ತಗೊಂಡೆ. ಡಬ್ಬಿಯ ತಳದ ಪಿನ್ನುಗಳು ದಪ್ಪ, ಲೆಡ್ ಹಿಡೀಲೇ ಇಲ್ಲ. ಒತ್ತಿ ಹಿಡಿದೆ. ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಈ ಮಾತು ನೆನಪಲ್ಲಿಟ್ಕೊಳ್ಳಿ.

24 ವೋಲ್ಟ್ ಕೊಟ್ಟೆ. ಹತ್ತು ನಿಮಿಷ ಆಯ್ತು, ಅರ್ಧ ಗಂಟೆ ಆಯ್ತು, ಡಬ್ಬಿ ಫ್ರಿಜ್ಜಿಂದ ತೆಗೆದ ಹಾಗೆ ತಣ್ಣಗೆ ಕೂತಿತ್ತು. ಸಿಗ್ನಲ್ ಬರ್ತಿತ್ತು. ಜಿಪಿಎಸ್ ಮಾಡ್ಯೂಲಿನಿಂದ ಸೆಕೆಂಡಿಗೊಂದು ಪಲ್ಸ್ ತಗೊಂಡು, ಎರಡು ಪಲ್ಸುಗಳ ನಡುವೆ ಎಷ್ಟು ಮಿಡಿತ ಅಂತ ಎಣಿಸೋ ಒಂದು ಸಣ್ಣ ಬೋರ್ಡು ಮಾಡ್ಕೊಂಡಿದೀನಿ. ಅದು ತೋರಿಸಿದ್ದು 99,99,858. ಒಂದು ಕೋಟಿಗೆ 142 ಕಡಿಮೆ. ಅಂದ್ರೆ ಸ್ಫಟಿಕ ಬದುಕಿದೆ, ಆದ್ರೆ ಚಳೀಲಿ ನಡುಗ್ತಾ ಇದೆ. ಓವನ್ ಸತ್ತಿದೆ.

ಮಾರನೇ ದಿನ ಶನಿವಾರ. ಅಂಗಡಿ ತುಂಬ ಇಂಜಿನಿಯರಿಂಗ್ ಹುಡುಗರು, ಪ್ರಾಜೆಕ್ಟಿಗೆ ಸಾಮಾನು ಕೊಳ್ಳೋಕೆ ಬಂದಿದ್ರು. ನಾನು ಗಲ್ಲಾದ ಮುಂದೆ ಡಬ್ಬಿ ಇಟ್ಟು, ಎಲ್ಲರಿಗೂ ಕೇಳೋ ಹಾಗೆ ಅಂದೆ: "ಸತ್ತ ಮಾಲು ಕೊಟ್ಟು 'ನಾನೇ ನೋಡಿದೀನಿ' ಅಂತೀರಲ್ಲ ಯಜಮಾನ್ರೇ, ಈ ವಯಸ್ಸಲ್ಲಿ ಸುಳ್ಳು ಹೇಳಿ ವ್ಯಾಪಾರ ಮಾಡಬೇಕಾ?"

ಅವರು ಮಾತಾಡಲಿಲ್ಲ. ಕ್ಲಿಪ್ ಹಾಕಿ ನೋಡಿದ್ರು, ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಡ್ರಾಯರ್ ತೆಗೆದು 1,800 ಎಣಿಸಿ ಕೊಟ್ರು. "ಡಬ್ಬೀನೂ ನೀವೇ ತಗೊಂಡು ಹೋಗಿ ಸಾರ್" ಅಂದ್ರು. ಹುಡುಗರು ನೋಡ್ತಾ ಇದ್ರು. ನಾನು ಗೆದ್ದವನ ಹಾಗೆ ಹೊರಗೆ ಬಂದೆ.

*

ಮೂರು ವಾರ ಡಬ್ಬಿ ಶೆಲ್ಫಿನ ಮೇಲೆ ಕೂತಿತ್ತು. ಒಂದು ಭಾನುವಾರ ಏನೂ ಕೆಲಸ ಇಲ್ಲದೆ ಬಿಚ್ಚೋಕೆ ಕೂತೆ.

ಇಂಥ ಓವನ್ ಕೆಟ್ಟಾಗ ಮೊದಲು ನೋಡಬೇಕಾದ್ದು ವೋಲ್ಟೇಜ್ ಅಲ್ಲ, ಕರೆಂಟ್. ಹೀಟರ್ ಎಳೆಯೋ ಕರೆಂಟೇ ಪೂರ್ತಿ ಕತೆ ಹೇಳುತ್ತೆ. ಈ ಜಾತಿಯಲ್ಲಿ ಹೆಸರುವಾಸಿ ಅಂದ್ರೆ ಎಚ್‌ಪಿ 10811. (ನನ್ನದು ಅದಲ್ಲ, ಬೇರೆ ಮನೆತನದ್ದು.) ಅದು ತಣ್ಣಗಿದ್ದಾಗ ಶುರುವಿನಲ್ಲಿ ಸುಮಾರು 11 ವ್ಯಾಟ್ ತಿನ್ನುತ್ತೆ, ಬಿಸಿಯಾದ ಮೇಲೆ ಸುಮಾರು 2 ವ್ಯಾಟಿಗೆ ಇಳಿಯುತ್ತೆ. ಅಂದ್ರೆ ಆರೋಗ್ಯವಾಗಿರೋ ಓವನ್ ಹಸಿದವನ ಹಾಗೆ ಮೊದಲು ಗಬಗಬ ತಿಂದು, ಕೆಲವೇ ನಿಮಿಷದಲ್ಲಿ ಹೊಟ್ಟೆ ತುಂಬಿ ಸುಮ್ಮನಾಗಬೇಕು.

ಹಾಗಾಗದಿದ್ರೆ ಮೂರು ಸಾಧ್ಯತೆ. ಒಂದು, ಕರೆಂಟ್ ಇದೆ, ಆದ್ರೆ ಹೀಟರ್ ಹಾಕಿದ ತಕ್ಷಣ ಸಪ್ಲೈ ವೋಲ್ಟೇಜ್ ಕುಸಿಯುತ್ತೆ. ಆಗ ತಪ್ಪು ಡಬ್ಬಿಯದ್ದಲ್ಲ, ಬಡಕಲು ಅಡಾಪ್ಟರಿನದ್ದು. ಎರಡು, ಕರೆಂಟ್ ಮೇಲೇ ನಿಂತುಬಿಡುತ್ತೆ, ಇಳಿಯೋದೇ ಇಲ್ಲ. ಆಗ ಥರ್ಮಿಸ್ಟರಿನ ವೈರ್ ಕಿತ್ತಿರಬಹುದು. ಈ ಥರ್ಮಿಸ್ಟರಿನ ರೆಸಿಸ್ಟೆನ್ಸ್ ತಣ್ಣಗಾದಷ್ಟೂ ಏರುತ್ತೆ. ವೈರ್ ಕಿತ್ತರೆ ಕಂಟ್ರೋಲ್ ಸರ್ಕ್ಯೂಟಿಗೆ ಅದು ಹಿಮಾಲಯದ ಚಳಿಯ ಹಾಗೆ ಕಾಣುತ್ತೆ, ಹೀಟರನ್ನ ಪೂರ್ತಿ ಉರಿಸುತ್ತೆ. ಇಲ್ಲಾ ಹೀಟರಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು. ಮೂರು, ಕರೆಂಟ್ ಸೊನ್ನೆ. ಎಲ್ಲೋ ದಾರಿ ಕಡಿದಿದೆ.

ನನ್ನದು ಮೂರನೇದು. ಮುಚ್ಚಳ ಬಿಡಿಸಿದೆ. ಫೋಮು, ಅದರೊಳಗೆ ಅಲ್ಯೂಮಿನಿಯಂ ಗಟ್ಟಿ, ಅದಕ್ಕೆ ಅಂಟಿದ ಟ್ರಾನ್ಸಿಸ್ಟರ್, ಥರ್ಮಿಸ್ಟರ್. ಹೀಟರಿಗೆ ಹೋಗೋ ದಾರೀಲಿ ಒಂದು ಥರ್ಮಲ್ ಫ್ಯೂಸ್ ಇತ್ತು. ಎಲೆಕ್ಟ್ರಿಕ್ ರೈಸ್ ಕುಕ್ಕರಿನೊಳಗೂ ಇಂಥದ್ದೇ ಒಂದು ಇರುತ್ತೆ. ಕರೆಂಟ್ ಜಾಸ್ತಿಯಾದ್ರೆ ಹೋಗೋ ಫ್ಯೂಸ್ ಅಲ್ಲ ಇದು, ಬಿಸಿ ಜಾಸ್ತಿಯಾದ್ರೆ ಹೋಗೋದು. ಒಮ್ಮೆ ಹೋದ್ರೆ ಹೋಯ್ತು, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳಲ್ಲ. ಮೀಟರ್ ಹಿಡಿದೆ. ಹೋಗಿತ್ತು.

ಸಿಕ್ತಲ್ಲ ಅಂತ ಖುಷಿಯಾಗಿ ಹೊಸದು ಹಾಕಿಬಿಡಬಾರದು. ಥರ್ಮಲ್ ಫ್ಯೂಸ್ ಹೋಗೋದು ಹೆಚ್ಚಾಗಿ ರೋಗವಲ್ಲ, ರೋಗದ ಗುರುತು. ಯಾವುದೋ ಬಿಸಿ ಅದನ್ನ ಕೊಂದಿದೆ. ಆ ಬಿಸಿ ಎಲ್ಲಿಂದ ಬಂತು ಅಂತ ಗೊತ್ತಾಗದೆ ಹೊಸದು ಹಾಕಿದ್ರೆ ಅದೂ ಸಾಯುತ್ತೆ. ಫ್ಯೂಸನ್ನೇ ತೆಗೆದು ತಂತಿ ಬೆಸೆದುಬಿಟ್ರೆ ಇನ್ನೂ ಕೇಡು, ಸ್ಫಟಿಕವೇ ಬೇಯಬಹುದು.

ಸರಿ, ಪತ್ತೇದಾರಿ ಶುರು. ಥರ್ಮಿಸ್ಟರ್ ಅಳೆದೆ, ಬೆರಳಿಟ್ಟು ಬೆಚ್ಚಗೆ ಮಾಡಿದ್ರೆ ಓಮ್ಸ್ ಇಳೀತು. ಚೆನ್ನಾಗಿದೆ. ಟ್ರಾನ್ಸಿಸ್ಟರ್ ಅಳೆದೆ, ಶಾರ್ಟ್ ಇಲ್ಲ. ಫೋಮ್ ನೋಡಿದೆ, ಎಲ್ಲೂ ಕಂದು ಬಣ್ಣಕ್ಕೆ ತಿರುಗಿಲ್ಲ, ಸುಟ್ಟ ವಾಸನೆ ಇಲ್ಲ. ಕೊನೆಗೆ ಫ್ಯೂಸಿನ ಎರಡು ತುದಿಗೂ ಕ್ಲಿಪ್ ಹಾಕಿ, ಅದನ್ನ ದಾಟಿಸಿ ಕರೆಂಟ್ ಕೊಟ್ಟೆ. ಒಂದು ಕಣ್ಣು ಆಮ್ಮೀಟರ್ ಮೇಲೆ, ಒಂದು ಕಣ್ಣು ಥರ್ಮಾಮೀಟರ್ ಮೇಲೆ, ಕೈ ಸ್ವಿಚ್ಚಿನ ಮೇಲೆ. (ಹಾಗೆ ಪಕ್ಕದಲ್ಲೇ ಕೂತು ಕಾಯೋದಾದ್ರೆ ಮಾತ್ರ ಈ ಪರೀಕ್ಷೆ ಮಾಡಿ.) ಅರ್ಧ ಆಂಪಿಯರ್ ಹತ್ತಿರ ಎದ್ದಿತು. ಆರೇಳು ನಿಮಿಷ. ಆಮೇಲೆ ತಾನಾಗೇ ಮೆಲ್ಲಗೆ ಇಳಿದು 0.1ರ ಹತ್ತಿರ ನಿಂತಿತು.

ಓವನ್ನಿನಲ್ಲಿ ಯಾವ ರೋಗವೂ ಇರಲಿಲ್ಲ. ಹಾಗಾದ್ರೆ ಫ್ಯೂಸನ್ನ ಕೊಂದ ಬಿಸಿ ಒಳಗಿಂದ ಬಂದಿದ್ದಲ್ಲ. ಹೊರಗಿಂದ ಬಂದಿದ್ದು.

ಫ್ಯೂಸಿನ ಒಂದು ಕಾಲು ನೇರವಾಗಿ ಹೀಟರ್ ಪಿನ್ನಿಗೆ ಬೆಸೆದಿತ್ತು. ನಡುವೆ ಅರ್ಧ ಸೆಂಟಿಮೀಟರೂ ಇಲ್ಲ. ಆ ಪಿನ್ನಿನ ಹೊರಗಡೆ ನನ್ನ ಲೆಡ್ಡಿನ ಮುದ್ದೆ, ಹೊಳೀತಾ ಇತ್ತು. ಫ್ಯೂಸ್ ಕರಗೋದು 110 ಡಿಗ್ರಿಗೆ. ಲೆಡ್ ಕರಗೋದೇ 183ಕ್ಕೆ. ನಾನು ಒತ್ತಿ ಹಿಡಿದಿದ್ದ 60 ವ್ಯಾಟಿನ ಐರನ್ನಿನ ತುದಿ 300ರ ಮೇಲೆ.

ಇನ್ನೊಂದು ಕಂಡಿತು. ನನ್ನ ವೈರ್ ಬಿಡಿಸಿ, ಲೆಡ್ ಒರೆಸಿದ ಮೇಲೆ ಪಿನ್ನಿನ ಬುಡದಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಕ್ರೊಕೊಡೈಲ್ ಕ್ಲಿಪ್ಪಿನದ್ದು. ಒಂದಲ್ಲ, ಎರಡು ಜೊತೆ. ಒಂದು ನನ್ನ ಮುಂದೆ ಹಾಕಿದ್ದು. ಇನ್ನೊಂದು ನನ್ನ ಲೆಡ್ಡಿನ ಅಡಿಯಲ್ಲಿ ಮುಚ್ಚಿಹೋಗಿತ್ತು, ಅಂದ್ರೆ ನಾನು ಬೆಸೆಯೋಕೆ ಮುಂಚಿನದ್ದು. ಯಜಮಾನರು ಬೆಳಿಗ್ಗೆ ನಿಜವಾಗಿ ನೋಡಿದ್ರು.

ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಊಟಕ್ಕೆ ಕರೆದ್ರೂ ಏಳಲಿಲ್ಲ.

ಹೊಸ ಫ್ಯೂಸ್ ತಂದೆ, ಅದೇ 110 ಡಿಗ್ರಿಯದ್ದು. ಈ ಸಲ ಫ್ಯೂಸಿಗೂ ಐರನ್ನಿಗೂ ನಡುವೆ ಕಾಲನ್ನ ಇಕ್ಕಳದಲ್ಲಿ ಹಿಡಿದೆ, ಬಿಸಿಯೆಲ್ಲ ಇಕ್ಕಳಕ್ಕೆ ಹೋಗಲಿ ಅಂತ. 25 ವ್ಯಾಟಿನ ಐರನ್ನಿಗೆ ಹೊಸ ತುದಿ, ಎರಡೇ ಸೆಕೆಂಡು ಮುಟ್ಟಿಸಿದ್ದು. ಡಬ್ಬಿ ಬೆಚ್ಚಗಾಯ್ತು. ಬೋರ್ಡಿನ ಮೇಲೆ 99,99,858 ಇದ್ದಿದ್ದು ಏರ್ತಾ ಏರ್ತಾ 1,00,00,000 ಆಗಿ ನಿಂತಿತು.

*

ಮುಂದಿನ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಎಸ್.ಪಿ. ರೋಡಿಗೆ ಹೋದೆ. ಯಜಮಾನರು ಪೇಪರ್ ಓದ್ತಾ ಇದ್ರು. ಇದ್ದದ್ದು ಇದ್ದ ಹಾಗೆ ಹೇಳಿದೆ. 1,800 ರೂಪಾಯಿ ಗಲ್ಲಾದ ಮೇಲಿಟ್ಟೆ. "ತಪ್ಪು ನಂದು. ಕ್ಷಮಿಸಿ" ಅಂದೆ.

ಅವರು ದುಡ್ಡು ಮುಟ್ಟಲಿಲ್ಲ. ಕನ್ನಡಕ ತೆಗೆದು ಒರೆಸಿದ್ರು. ಆಮೇಲೆ ಅಂದ್ರು:

"ಅವತ್ತು ಅಂಗಡಿ ತುಂಬ ಜನ ಇದ್ರು ಸಾರ್."

ಅಷ್ಟೇ. ನಾನು ಸುತ್ತ ನೋಡಿದೆ. ಇಡೀ ಅಂಗಡೀಲಿ ನಾವಿಬ್ಬರೇ.

ನಾನು ಏನು ಹೇಳಬೇಕಿತ್ತು? ಆ ಹುಡುಗರನ್ನ ಎಲ್ಲಿಂದ ಹುಡುಕಿ ತರಲಿ? ಅದರಲ್ಲಿ ನಾಲ್ಕು ಜನ ಆಮೇಲೆ ಬೇರೆ ಅಂಗಡಿಗೆ ಹೋಗಿರಬಹುದು, "ಆ ಮುದುಕ ಮೋಸ ಮಾಡ್ತಾನಂತೆ" ಅಂತ ಹಾಸ್ಟೆಲ್ಲಲ್ಲಿ ಹೇಳಿರಬಹುದು. ಫ್ಯೂಸ್ ಬದಲಾಯಿಸಿದ ಹಾಗೆ ಅದನ್ನ ಬದಲಾಯಿಸೋಕೆ ಆಗಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದ್ರು, "ಫ್ಯೂಸ್ ಎಲ್ಲಿತ್ತು?" ಮೊಬೈಲಲ್ಲಿ ತೆಗೆದ ಫೋಟೋ ತೋರಿಸಿದೆ. ಹತ್ತಿರ ಹಿಡ್ಕೊಂಡು ನೋಡಿದ್ರು. "ಪಿನ್ನಿಗೆ ಅಂಟ್ಕೊಂಡೇ ಇದೆಯಲ್ಲ... ನನಗೂ ಗೊತ್ತಿರ್ಲಿಲ್ಲ" ಅಂದ್ರು. ಇನ್ನೂ ಮೂರು ಡಬ್ಬಿ ಇದ್ದ ಟ್ರೇ ಎಳೆದು, ಒಂದು ಚೀಟಿ ಹರಿದು, ಸ್ಕೆಚ್ ಪೆನ್ನಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ರು: 'ಪಿನ್ ಮೇಲೆ ಬೆಸೆಯಬೇಡಿ. ಕ್ಲಿಪ್ ಹಾಕಿ.' ಆಮೇಲೆ ದುಡ್ಡು ತಗೊಂಡು, ಎಣಿಸದೆ ಡ್ರಾಯರಿಗೆ ಹಾಕಿದ್ರು. ಕೂತ್ಕೊಳ್ಳಿ ಅನ್ನಲಿಲ್ಲ. ನಾನು ನಿಂತೇ ಇದ್ದು, ನಮಸ್ಕಾರ ಹೇಳಿ ಬಂದೆ.

ತುಂಬಿದ ಅಂಗಡಿ ನನ್ನ ಹತ್ತಿರ ಇಲ್ಲ. ಇರೋದು ಈ ಬ್ಲಾಗು, ಓದೋ ನೀವು ಹತ್ತಿಪ್ಪತ್ತು ಜನ. ಅದಕ್ಕೇ ಇಲ್ಲಿ ಹೇಳ್ತಾ ಇದೀನಿ, ಎಲ್ಲರಿಗೂ ಕೇಳೋ ಹಾಗೆ: ಅವರು ಸುಳ್ಳು ಹೇಳಿರಲಿಲ್ಲ. ಮಾಲು ಕೆಡಿಸಿದ್ದು ನಾನು.

ನಿಮಗೂ ಹೀಗೆ ಯಾರ ಮೇಲಾದ್ರೂ ರೇಗಿ, ಆಮೇಲೆ ತಪ್ಪು ನಿಮ್ಮದೇ ಅಂತ ಗೊತ್ತಾಗಿದ್ದು ಇದೆಯಾ? ಇದ್ರೆ ಬರೀರಿ. ನನಗೊಬ್ಬನಿಗೇ ಹೀಗಾಗಿರಲಿಕ್ಕಿಲ್ಲ ಅನ್ನೋ ಸಮಾಧಾನವಾದ್ರೂ ಸಿಗಲಿ.

ತಾ.ಕ.: ಡಬ್ಬಿ ಈಗ ಮೇಜಿನ ಮೇಲೆ ಹಗಲೂ ರಾತ್ರಿ ಉರೀತಾ ಇದೆ. ತುಂಬಾ ದಿನ ಆರಿಸಿಟ್ಟ ಸ್ಫಟಿಕ ಮತ್ತೆ ಸ್ಥಿರವಾಗೋಕೆ ದಿನಗಟ್ಟಲೆ ಬೇಕು, ಹಾಗಾಗಿ ಒಂದು ವಾರ ಮುಟ್ಟಲಿಲ್ಲ. ಆಮೇಲೆ ಸಣ್ಣ ಸ್ಕ್ರೂ ತಿರುಗಿಸಿ ಹೊಂದಿಸಿದೆ. ಒಂದು ಸೆಕೆಂಡ್ ಎಣಿಸಿದ್ರೆ ಒಂದು ಮಿಡಿತಕ್ಕಿಂತ ಸಣ್ಣ ತಪ್ಪು ಕಾಣಲ್ಲ, ಸಾವಿರ ಸೆಕೆಂಡ್ ಎಣಿಸಬೇಕು. ಅಷ್ಟರಲ್ಲಿ ಸಾವಿರ ಕೋಟಿ ಆಗಬೇಕು. ನಿನ್ನೆ ರಾತ್ರಿ ಮೂರು ಹೆಚ್ಚು ಬಂತು. ಹಾಗೇ ಇದ್ರೆ ಸುಮಾರು ನೂರು ವರ್ಷಕ್ಕೆ ಒಂದು ಸೆಕೆಂಡು ತಪ್ಪು. ಆ ಸಾವಿರ ಸೆಕೆಂಡ್, ಅಂದ್ರೆ ಹದಿನಾರು ನಿಮಿಷ ನಲವತ್ತು ಸೆಕೆಂಡ್, ನಾನು ಮೇಜಿನ ಪಕ್ಕ ಸುಮ್ಮನೆ ಕೂತಿದ್ದೆ. ಅವತ್ತು ಅಂಗಡೀಲಿ ಹತ್ತು ನಿಮಿಷ ಕೂರೋಕೆ ಟೈಮಿಲ್ಲ ಅಂದಿದ್ದವನು.