ಅಜ್ಜಂಪುರ ದಾರಿಯಲ್ಲಿ ಕಾರು ನಿಂತಾಗ

ಕಡೂರಿನಿಂದ ಬೀರೂರು ದಾಟಿ ತರೀಕೆರೆಗೆ ಹೋಗುವವರಿಗೆ ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕ್‌ಗಳ ಚಿಂತೆಯಿಲ್ಲ. ಅದೇ ಧೈರ್ಯದಲ್ಲಿ ನೀವು ಅಜ್ಜಂಪುರದ ಕಡೆ ತಿರುಗಬೇಡಿ.

ಮದುವೆ ಮುಗಿಸಿ ಬರುವಾಗ ಮಗ್ರಿಬ್ ಹೊತ್ತಿಗೆ ನಮ್ಮ ಕಾರು ಆ ದಾರಿಯಲ್ಲೇ ನಿಂತಿತು. ಮುಳ್ಳು ಕೆಂಪಿಗಿಳಿದಿದ್ದರೂ "ಇನ್ನೂ ಹೋಗುತ್ತೆ" ಎಂದವರು ಯಜಮಾನರು. ಬಾಯಿ ಮುಚ್ಚಿ ಕುಳಿತವಳು ನಾನು.

ಎಂಜಿನ್ ತಡವರಿಸಿದರೆ, ವೇಗ ಉಳಿದಿರುವಾಗಲೇ ಎಡಕ್ಕೆ ಸರಿಸಿಕೊಳ್ಳಿ. ಎಂಜಿನ್ ನಿಂತ ಮೇಲೆ ಸ್ಟೇರಿಂಗ್ ಭಾರವಾಗುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿ. ಮಕ್ಕಳನ್ನು ಕಾರಿನ ಹಿಂದೆ ಮಾತ್ರ ನಿಲ್ಲಿಸಲೇಬೇಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಬಹುದು. ಭಯವೆನಿಸಿದರೆ ಎಲ್ಲಿದ್ದರೂ 112.

ಯಜಮಾನರು ಬೈಕಿನವರೊಬ್ಬರ ಹಿಂದೆ ಕುಳಿತು ಹೋದರು. ಬೈಕಿನ ನಂಬರ್ ಬರೆದುಕೊಂಡೆ, ಬಾಗಿಲು ಲಾಕ್ ಮಾಡಿದೆ. ಕತ್ತಲಲ್ಲಿ ಮಕ್ಕಳು ಅತ್ತೆಯವರಿಗೆ ಅಂಟಿಕೊಂಡರು. ಅವರು ಅಜ್ಜಂಪುರದ ಅಮೃತ ಮಹಲ್ ದನಗಳ ಕಥೆ ತೆಗೆದರು. ಆ ಹೆಸರಿಟ್ಟವರು ಟಿಪ್ಪು ಸುಲ್ತಾನರು. ಆ ಎತ್ತುಗಳೇ ಸೈನ್ಯದ ಸಾಮಾನು ಎಳೆಯುತ್ತಿದ್ದವು. "ಅವಕ್ಕೆ ದಾರಿಬದಿಯ ಹುಲ್ಲಾದರೂ ಸಿಗುತ್ತಿತ್ತು, ನಿನ್ನ ಗಂಡನ ಕಾರಿಗೆ ಅದೂ ಇಲ್ಲ" ಎಂದಾಗ ಆ ಭಯದಲ್ಲೂ ನಗು ಬಂತು.

ಇನ್ನೊಂದು ಮಾತು. ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ತರುವುದು ಅಪಾಯ, ಬಂಕ್‌ನವರು ಕೊಡದೆಯೂ ಇರಬಹುದು. ಡೀಸೆಲ್ ಕಾರಾದರೆ ಎಣ್ಣೆ ಸುರಿದರಷ್ಟೇ ಸಾಲದು, ಪೈಪಿನೊಳಗೆ ಸೇರಿದ ಗಾಳಿಯನ್ನು ಮೆಕ್ಯಾನಿಕ್ ತೆಗೆಯಬೇಕಾದೀತು. ನಮ್ಮದು ಪೆಟ್ರೋಲ್ ಕಾರು. ಇಶಾ ಹೊತ್ತಿಗೆ ಕ್ಯಾನ್ ಬಂತು, ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು.

ಈಗ ಮುಳ್ಳು ನೋಡುವ ಕೆಲಸ ನನ್ನದು.